ಬಿಸಿಲು ಟೋಪಿಯೊಳಗಿನ ಕೆಂಪು ಬಟ್ಟೆ

ಹಳೆಯ ಕಚೇರಿಗಳ ಮತ್ತು ಕ್ಲಬ್ಬುಗಳ ಗೋಡೆಗಳ ಮೇಲೆ ತೂಗುಹಾಕಿರುವ ಐರೋಪ್ಯ ಅಧಿಕಾರಿಗಳ ಗುಂಪು ಭಾವಚಿತ್ರಗಳನ್ನು ವಾಚಕರು ನೋಡಿರಬಹುದು. ಕುಳಿತವರ ತೊಡೆಯ ಮೇಲೆಯೋ ನಿಂತವರ ತಲೆಯ ಮೇಲೆಯೋ, ಬೋಗುಣಿಯನ್ನು ಬೋರಲು ಹಾಕಿದಂತೆ ಕಾಣುವ, ಸುತ್ತಲೂ ಅಗಲವಾದ ಅಂಚುಳ್ಳ ಒಂದು ಟೋಪಿ ಅವುಗಳಲ್ಲಿ ಇದ್ದೇ ಇರುತ್ತದೆ. ಇದೇ ಸೋಲಾ ಟೋಪಿ. ಕನ್ನಡದಲ್ಲಿ ಬೆಂಡಿನ ಟೋಪಿ ಎನ್ನಬಹುದು. 19ನೆಯ ಶತಮಾನದ ನಡುವಿನಿಂದ 20ನೆಯ ಶತಮಾನದ ನಡುವಿನವರೆಗೆ ಉಷ್ಣವಲಯದಲ್ಲಿ ದಂಡು ಇಟ್ಟುಕೊಂಡಿದ್ದ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ ಮುಂತಾದ ದೇಶಗಳ ಸೇನೆಗಳೆಲ್ಲವೂ ಈ ಟೋಪಿಯ ಒಂದಲ್ಲ ಒಂದು ರೂಪವನ್ನು ಧರಿಸಿದುವು. ಇಂದು ಇದು ಸೈನಿಕರ ತಲೆಯನ್ನು ಬಿಟ್ಟು ಸಂಗ್ರಾಹಕರ ಕಪಾಟುಗಳನ್ನು ಸೇರಿದೆ. ನಾಣ್ಯಗಳನ್ನೂ ಅಂಚೆ ಚೀಟಿಗಳನ್ನೂ ಕೂಡಿಡುವವರಿರುವಂತೆ ಈ ಟೋಪಿಗಳನ್ನು ಕೂಡಿಡುವವರೂ ಲೋಕದಲ್ಲಿ ಸಾಕಷ್ಟು ಮಂದಿ ಇದ್ದಾರೆ.

ನಮ್ಮಲ್ಲಿಯೂ ಅಂತಹ ನಾಲ್ಕಾರು ಟೋಪಿಗಳಿವೆ. ಮೊದಲನೆಯದು ಬೆಂಗಳೂರಿನ ದಂಡು ಪ್ರದೇಶದ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಹಂಡೆ ಕೊಡಗಳ ನಡುವೆ ದೊರಕಿತು. ಅದನ್ನು ಕಾಲೇಜಿಗೆ ಕೊಂಡೊಯ್ದು ಉಷ್ಣದ ಪಾಠದಲ್ಲಿ ವಿದ್ಯಾರ್ಥಿಗಳ ಕೈಗೆ ಕೊಟ್ಟಾಗ ಅವರಲ್ಲಿ ಒಬ್ಬಾಕೆ ಅದನ್ನು ತಿರುಗಿಸಿ ಒಳಗೆ ನೋಡಿ, ‘ಹೊರಗೆಲ್ಲ ಮಣ್ಣಿನ ಬಣ್ಣ, ಯಾರಿಗೂ ಕಾಣದ ಒಳಭಾಗಕ್ಕೆ ಮಾತ್ರ ಇಷ್ಟು ಢಾಳಾದ ಕೆಂಪು ಬಟ್ಟೆ ಏಕೆ?’ ಎಂದು ಕೇಳಿದಳು. ಅಲಂಕಾರಕ್ಕೆಂದು ಹೇಳಿ ಆ ದಿನ ನಾವು ಜಾರಿಕೊಂಡೆವು. ಆ ಉತ್ತರ ತಪ್ಪು. ಸರಿಯಾದ ಉತ್ತರವನ್ನು ಹುಡುಕಹೊರಟಾಗ ತಿಳಿದುಬಂದ ಸಂಗತಿ ಇದು: ಈ ಟೋಪಿಯ ಅರ್ಧ ಭಾಗವನ್ನು ಅನುಭವವು ನಿರ್ಮಿಸಿತು, ಇನ್ನರ್ಧವನ್ನು ಒಂದು ತಪ್ಪು ಸಿದ್ಧಾಂತವು ನಿರ್ಮಿಸಿತು. ಯಾವುದು ಯಾವ ಅರ್ಧಕ್ಕೆ ಸೇರಿದುದೆಂದು ಗುರುತಿಸುವುದೇ ಈ ಸಂಗ್ರಹದ ಸ್ವಾರಸ್ಯ.

ಮೊದಲು ಹೆಸರನ್ನೂ ಪದಾರ್ಥವನ್ನೂ ನೋಡೋಣ. ಬಿಸಿಲಿನಿಂದ ಕಾಪಾಡುವುದಾದ್ದರಿಂದ ಸೂರ್ಯನಿಗೆ ಸಂಬಂಧಪಟ್ಟ ‘ಸೋಲಾರ್’ ಎಂಬ ಇಂಗ್ಲಿಷ್ ಮಾತಿನಿಂದ ಈ ಹೆಸರು ಬಂದಿತೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ಬಂಗಾಳ, ಅಸ್ಸಾಂಗಳ ಜವುಗು ನೆಲಗಳಲ್ಲಿ ಬೆಳೆಯುವ, ಅವರೆ ತೊಗರಿಗಳ ಕುಟುಂಬಕ್ಕೆ ಸೇರಿದ ಒಂದು ಗಿಡಕ್ಕೆ ಅಲ್ಲಿಯ ಜನ ‘ಶೋಲಾ’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಈಸ್ಕಿನೊಮಿನಿ ಆಸ್ಪೆರ. ನೀರಿನಲ್ಲಿ ನಿಂತ ಅದರ ಕಾಂಡವು ದಪ್ಪನಾಗಿ ಊದಿಕೊಂಡು, ಒಳಗೆಲ್ಲ ಹಾಲಿನಂತೆ ಬೆಳ್ಳಗಿರುವ ಹಗುರವಾದ ಬೆಂಡಾಗಿರುತ್ತದೆ. ಬಂಗಾಳದಲ್ಲಿ ಮದುಮಗನು ತೊಡುವ ‘ಟೋಪೋರ್’ ಎಂಬ ಮುಡಿಯನ್ನು ಈ ಬೆಂಡಿನಿಂದಲೇ ಮಾಡುತ್ತಾರೆ. ನಮ್ಮಲ್ಲಿಯ ಮದುವೆಗಳಲ್ಲಿ ವಧೂವರರ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗವನ್ನು ಕೈಯಲ್ಲಿ ಹಿಡಿದವರಿಗೆ ಬೆಂಡು ಎಷ್ಟು ಹಗುರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮದುವಣಿಗರ ತಲೆಗೆ ಬಹುಕಾಲದಿಂದ ಒಗ್ಗಿದ್ದ ಈ ಪದಾರ್ಥವು ಪರದೇಶದ ಸೈನಿಕರ ತಲೆಯನ್ನು ಏರಿದುದು 19ನೆಯ ಶತಮಾನದಲ್ಲಿ.

ಬೆಂಡು ಹಗುರವಾಗಿರುವುದಕ್ಕೂ ಅದು ಶಾಖವನ್ನು ತಡೆಯುವುದಕ್ಕೂ ಕಾರಣ ಒಂದೇ. ಅದರ ಬಹುಭಾಗವು ತೆಳ್ಳನೆಯ ಗೋಡೆಗಳುಳ್ಳ ಸಣ್ಣ ಸಣ್ಣ ಕೋಶಗಳಲ್ಲಿ ಸಿಕ್ಕಿಕೊಂಡ ಗಾಳಿ. ಗಾಳಿಯು ಶಾಖವನ್ನು ಎರಡು ರೀತಿಯಲ್ಲಿ ಸಾಗಿಸಬಲ್ಲುದು: ತಾನೇ ಚಲಿಸಿ ಹೊತ್ತುಕೊಂಡು ಹೋಗುವುದು ಒಂದು, ನಿಂತಲ್ಲೇ ನಿಂತು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವುದು ಇನ್ನೊಂದು. ಕೋಶದಲ್ಲಿ ಬಂಧಿಸಿದ ಗಾಳಿಗೆ ಮೊದಲನೆಯದು ಸಾಧ್ಯವಿಲ್ಲ. ಎರಡನೆಯದರಲ್ಲಿ ಅದು ಬಹಳ ಸೋಮಾರಿ. ನಿಶ್ಚಲವಾದ ಗಾಳಿಯ ಉಷ್ಣವಾಹಕತೆಯನ್ನು 1 ಎಂದು ಇಟ್ಟುಕೊಂಡರೆ ಕಾರ್ಕಿನದು ಸುಮಾರು ಒಂದೂವರೆ, ನೀರಿನದು 20ಕ್ಕೂ ಮೇಲೆ, ತಾಮ್ರದ್ದು ಸುಮಾರು 15,000. ಆದುದರಿಂದ ಒಂದು ಸೆಂಟಿಮೀಟರ್ ದಪ್ಪದ ಬೆಂಡಿನ ಹೊರಮೈ ಮಧ್ಯಾಹ್ನದ ಬಿಸಿಲಿನಲ್ಲಿ ಕೈ ಇಡಲಾಗದಷ್ಟು ಕಾದರೂ ಒಳಮೈ ಬಹಳ ಹೊತ್ತು ತಣ್ಣಗೇ ಇರುತ್ತದೆ.

ಆದರೆ ಬೆಂಡಿಗೆ ಒಂದು ದೊಡ್ಡ ದೋಷವುಂಟು. ಅದು ನೀರನ್ನು ಹೀರಿಕೊಳ್ಳುತ್ತದೆ. ನೆನೆದರೆ ಹಪ್ಪಳದಂತೆ ಮೆತ್ತಗಾಗುತ್ತದೆ. ಒಣಗಿದಾಗಲೂ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಮುಂಗಾರಿನಲ್ಲಿ ಕವಾಯತು ಮಾಡುವ ಸಿಪಾಯಿಗೆ ಇಂತಹ ಟೋಪಿ ಎಷ್ಟು ದಿನ ಬಂದೀತು? ಆದುದರಿಂದ ಸೇನೆಗಳು ಸಾಮಾನ್ಯವಾಗಿ ಕಾರ್ಕ್ ಮರದ ತೊಗಟೆಯನ್ನು ಆಶ್ರಯಿಸಿದುವು. ಕಾರ್ಕು ಬೆಂಡಿಗಿಂತ ಭಾರ, ಆದರೆ ನೀರನ್ನು ಕುಡಿಯುವುದಿಲ್ಲ, ಪೆಟ್ಟನ್ನೂ ತಾಳಿಕೊಳ್ಳುತ್ತದೆ. ಬೆಂಡಿನ ಟೋಪಿಗಳನ್ನು ಸೈನ್ಯಾಧಿಕಾರಿಗಳು ತಮ್ಮ ಸ್ವಂತ ಹಣದಿಂದ ಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಎರಡನ್ನೂ ಬೆಂಡಿನ ಟೋಪಿ ಎಂದೇ ಕರೆಯುವ ವಾಡಿಕೆಯಾದ್ದರಿಂದ ಹೊಸ ಸಂಗ್ರಾಹಕರು ಗೊಂದಲಕ್ಕೆ ಬೀಳುತ್ತಾರೆ. ಕೈಯಲ್ಲಿ ಹಿಡಿದೊಡನೆ ತೂಕವೇ ನಿಜವನ್ನು ಹೇಳುತ್ತದೆ. ಬಟ್ಟೆ ಹರಿದ ಕಡೆ ಇಣಿಕಿದರೆ ಬೆಂಡು ಬೆಳ್ಳಗೆ ಪದರಪದರವಾಗಿಯೂ ಕಾರ್ಕು ಕಂದುಬಣ್ಣದ ಹರಳುಹರಳಾಗಿಯೂ ಕಾಣುತ್ತದೆ.

ಅನುಭವವು ನಿರ್ಮಿಸಿದ ಅರ್ಧವೆಂದು ಹೇಳಿದೆವಷ್ಟೆ. ಅದರಲ್ಲಿ ಅತ್ಯಂತ ಜಾಣ್ಮೆಯ ಅಂಶವು ಟೋಪಿಯ ದಪ್ಪವಲ್ಲ, ತಲೆಗೂ ಟೋಪಿಗೂ ನಡುವೆ ಬಿಟ್ಟಿರುವ ತೆರವು. ಒಳ್ಳೆಯ ಟೋಪಿಯೊಂದನ್ನು ಬೋರಲು ಮಾಡಿ ನೋಡಿದರೆ ತಲೆಯನ್ನು ಮುಟ್ಟುವ ಚರ್ಮದ ಪಟ್ಟಿಯು ಗೋಡೆಗೆ ನೇರವಾಗಿ ಅಂಟಿರುವುದಿಲ್ಲ. ನಡುನಡುವೆ ಸಣ್ಣ ಕಾರ್ಕಿನ ತುಂಡುಗಳನ್ನಿಟ್ಟು ಅದನ್ನು ದೂರ ನಿಲ್ಲಿಸಿರುತ್ತಾರೆ. ನೆತ್ತಿಯ ಮೇಲೆ ಗುಂಡಿಯಂತೆ ಕಾಣುವುದು ಅಲಂಕಾರವಲ್ಲ. ಅದರ ಕೆಳಗೆ ಒಂದು ರಂಧ್ರವಿದೆ. ತಲೆಯಿಂದ ಬೆಚ್ಚಗಾದ, ಬೆವರಿನ ಆವಿಯಿಂದ ತುಂಬಿದ ಗಾಳಿಯು ಹಗುರವಾಗಿ ಮೇಲೆದ್ದು ಈ ರಂಧ್ರದಿಂದ ಹೊರಬೀಳುತ್ತದೆ; ಅದರ ಸ್ಥಾನಕ್ಕೆ ಅಂಚಿನ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಅಡಿಗೆಮನೆಯ ಹೊಗೆಗೂಡಿನ ತತ್ತ್ವವೂ ಇದೇ. ಬೆವರು ಆವಿಯಾಗದಿದ್ದರೆ ದೇಹಕ್ಕೆ ತಂಪಿಲ್ಲವಾದ್ದರಿಂದ ಈ ಸಣ್ಣ ರಂಧ್ರವನ್ನು ನಾವು ಇಡೀ ಟೋಪಿಯಲ್ಲಿ ಮುಖ್ಯವಾದ ಅಂಗವೆಂದು ಎಣಿಸುತ್ತೇವೆ. ಅಂಚಿನ ಅಡಿಗೆ ಹಚ್ಚಿದ ಕಡು ಹಸಿರು ಬಟ್ಟೆಯೂ ಅನುಭವದ ಫಲವೇ. ಮರಳಿನಿಂದಲೂ ಬಿಳಿಯ ಗೋಡೆಗಳಿಂದಲೂ ಪ್ರತಿಫಲಿಸಿ ಮೇಲಕ್ಕೆ ಬರುವ ಬೆಳಕು ಅಲ್ಲಿ ಹೀರಲ್ಪಟ್ಟು ಕಣ್ಣು ಕೋರೈಸುವುದು ತಪ್ಪುತ್ತದೆ.

ಇನ್ನು ಸೇನೆಗಳ ಮಾದರಿಗಳು. ಬ್ರಿಟಿಷ್ ಸೇನೆಯು 1877ರಲ್ಲಿ ‘ಫಾರಿನ್ ಸರ್ವಿಸ್’ ಎಂಬ ಹೆಸರಿನ ಬಿಳಿಯ ಕಾರ್ಕಿನ ಟೋಪಿಯನ್ನು ಅಂಗೀಕರಿಸಿತು. ಎತ್ತರವಾದ ಗುಮ್ಮಟ, ಮುಂದೆಯೂ ಹಿಂದೆಯೂ ಚೂಪಾಗಿ ಇಳಿದ ಇಕ್ಕಟ್ಟಾದ ಅಂಚು ಇದರ ಲಕ್ಷಣ. ಬಿಳುಪು ಬಿಸಿಲನ್ನು ಚೆನ್ನಾಗಿ ಹಿಂದಕ್ಕೆ ಅಟ್ಟುತ್ತದೆಂಬುದೇನೋ ನಿಜ. ಆದರೆ ಅದು ಶತ್ರುವಿನ ಕಣ್ಣಿಗೂ ದೂರದಿಂದಲೇ ಬೀಳುತ್ತದೆ. 1879ರಲ್ಲಿ ದಕ್ಷಿಣ ಆಫ್ರಿಕದ ಜುಲು ಯುದ್ಧಕ್ಕೆ ಹೋದ ಸೈನಿಕರು ತಮ್ಮ ಬಿಳಿಯ ಟೋಪಿಗಳಿಗೆ ಚಹದ ಕಷಾಯವನ್ನೂ ಮಣ್ಣನ್ನೂ ಬಳಿದು ಕಂದುಬಣ್ಣ ಬರಿಸಿಕೊಂಡರು. ಶಾಖದ ವಿಷಯದಲ್ಲಿ ನಷ್ಟ, ಪ್ರಾಣದ ವಿಷಯದಲ್ಲಿ ಲಾಭ! ಮುಂದೆ ಖಾಕಿಯೇ ನಿಯಮವಾಯಿತು. ಖಾಕಿಯ ಮಾತು ಬಂದಾಗ ನಮ್ಮ ಮಂಗಳೂರನ್ನು ನೆನೆಯದಿರಲಾಗದು. 19ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಯ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ಖಾಕಿ ಬಟ್ಟೆ ತಯಾರಾಗುತ್ತಿತ್ತು.

20ನೆಯ ಶತಮಾನದ ಮೊದಲಲ್ಲಿ ‘ವೂಲ್ಸ್‌ಲಿ’ ಮಾದರಿ ಬಂದಿತು. ಫೀಲ್ಡ್ ಮಾರ್ಷಲ್ ಗಾರ್ನೆಟ್ ವೂಲ್ಸ್‌ಲಿ (1833-1913) ಎಂಬ ಸೇನಾನಿಯ ಹೆಸರು ಅದಕ್ಕೆ. ಆರು ತುಂಡು ಬಟ್ಟೆಗಳನ್ನು ಹೊಲಿದು ಹೊದಿಸಿದ ಕಾರ್ಕಿನ ಗುಮ್ಮಟ, ಸುತ್ತಲೂ ಅಗಲವಾಗಿ ಹರಡಿ ಕತ್ತಿನ ಮೇಲೆ ಇಳಿಬಿದ್ದ ಅಂಚು, ನಡುವಿಗೆ ಸುತ್ತಿದ ಮಡಿಕೆಮಡಿಕೆಯಾದ ಪಗಡಿಯ ಬಟ್ಟೆ; ಹಿಂದಿನ ಮಾದರಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಕಪಾಲವನ್ನಷ್ಟೇ ಅಲ್ಲದೆ ಕಿವಿ ಕತ್ತುಗಳನ್ನೂ ಇದು ನೆರಳಿನಲ್ಲಿಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪಟೇಮಿಯ, ಈಜಿಪ್ಟುಗಳ ರಣರಂಗಗಳಲ್ಲಿ ಕಂಡುದು ಇದೇ. ಬ್ರಿಟನ್ನಿನ ರಾಯಲ್ ಮರೀನ್ ಪಡೆ ಇದರ ಬಿಳಿಯ ರೂಪವನ್ನು ಉತ್ಸವದ ಉಡುಪಿನಲ್ಲಿ ಇಂದಿಗೂ ಉಳಿಸಿಕೊಂಡಿದೆ. ಸಂಗ್ರಾಹಕರು ಒಳಗಿನ ಮುದ್ರೆಗಳನ್ನು ಬಹಳ ಆಸಕ್ತಿಯಿಂದ ಹುಡುಕುತ್ತಾರೆ. ಅಗಲ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತೆಂಬುದನ್ನು ಸೂಚಿಸುತ್ತದೆ. ಬಾಣದ ಸುತ್ತ ಇಂಗ್ಲಿಷಿನ ‘ಯು’ ಅಕ್ಷರವಿದ್ದರೆ ದಕ್ಷಿಣ ಆಫ್ರಿಕದ್ದು, ‘ಸಿ’ ಇದ್ದರೆ ಕೆನಡದ್ದು, ಬಾಣದೊಡನೆ ‘ಐ’ ಇದ್ದರೆ ಭಾರತದ್ದು.

ಮಿಕ್ಕ ದೇಶಗಳದನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಫ್ರೆಂಚರ 1878ರ ಮತ್ತು 1886ರ ಮಾದರಿಗಳು ಗುಂಡಾದ ಗುಮ್ಮಟದವು. ಇಟಲಿಯವರದು 1928ರ ಮಾದರಿ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಕ್ಕೆ ಬಂದ ಜರ್ಮನರ ಮೊದಲ ಮಾದರಿಯು ಹಸಿರು ಛಾಯೆಯ ಬಟ್ಟೆ ಹೊದಿಸಿದ ಕಾರ್ಕು. ಎರಡು ಪಕ್ಕಗಳಲ್ಲಿಯೂ ಲೋಹದ ಸಣ್ಣ ಗುರಾಣಿಗಳು. ಒಳಗೆ ಕೆಂಪು ಬಟ್ಟೆ. ಮರುಭೂಮಿಯ ಯುದ್ಧದಲ್ಲಿ ಕೆಲವೇ ತಿಂಗಳು ಕಳೆದ ಸೈನಿಕನು ಇದನ್ನು ಮೂಲೆಗೆಸೆದು ಮುಂದೆ ಚಾಚಿದ ತಲೆಯ ಸಾದಾ ಬಟ್ಟೆಯ ಟೋಪಿಯನ್ನು ಹಾಕಿಕೊಳ್ಳುತ್ತಿದ್ದನು.

ಈಗ ಆ ಕೆಂಪು ಬಟ್ಟೆಯ ವಿಚಾರಕ್ಕೆ ಬರಬಹುದು.

19ನೆಯ ಶತಮಾನದ ಕೊನೆಯಲ್ಲಿ ಛಾಯಾಚಿತ್ರ ತೆಗೆಯುವವರೆಲ್ಲರಿಗೂ ಒಂದು ಸಂಗತಿ ತಿಳಿದಿತ್ತು. ಅಂದಿನ ಫಲಕಗಳು ನೀಲಿ ನೇರಳೆ ಬೆಳಕಿಗೆ ಕೂಡಲೆ ಕಪ್ಪಾಗುತ್ತಿದ್ದುವು. ಕೆಂಪು ಬೆಳಕಿಗೆ ಅವು ಜಗ್ಗುತ್ತಿರಲಿಲ್ಲ. ಆದುದರಿಂದ ಕತ್ತಲೆಕೋಣೆಗೆ ಕೆಂಪು ಗಾಜಿನ ದೀಪ. ರಾಸಾಯನಿಕ ಕ್ರಿಯೆಯನ್ನು ಉಂಟುಮಾಡುವ ಈ ನೀಲಿ, ನೇರಳೆ, ನೇರಳಾತೀತ ಕಿರಣಗಳಿಗೆ ‘ಆಕ್ಟಿನಿಕ್’ ಕಿರಣಗಳೆಂದು ಹೆಸರು. ಇದೇ ಕಾಲದಲ್ಲಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಎಂಬ ವೈದ್ಯನು ಬೆಳಕಿನ ಈ ಭಾಗವು ಚರ್ಮದ ಮೇಲೆ ಪ್ರಬಲವಾದ ಪರಿಣಾಮವನ್ನು ಉಂಟುಮಾಡುವುದೆಂದು ತೋರಿಸಿ, ಚರ್ಮದ ಕ್ಷಯಕ್ಕೆ ಅದರಿಂದಲೇ ಚಿಕಿತ್ಸೆ ಮಾಡಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. 1895ರಲ್ಲಿ ರಾಂಟ್‌ಜೆನ್ನನು ಮಾಂಸವನ್ನೂ ಮರವನ್ನೂ ತೂರಿಹೋಗುವ ಕ್ಷಕಿರಣಗಳನ್ನು ಕಂಡುಹಿಡಿದಿದ್ದನು. ಕಣ್ಣಿಗೆ ಕಾಣದ ಕಿರಣವೊಂದು ದೇಹವನ್ನು ಹೊಕ್ಕು ಹೊರಡಬಲ್ಲುದೆಂಬುದು ಈಗ ಕಟ್ಟುಕತೆಯಾಗಿ ಉಳಿದಿರಲಿಲ್ಲ.

ಈ ಮೂರು ನಿಜಗಳನ್ನು ಸೇರಿಸಿ ಒಂದು ಸುಳ್ಳನ್ನು ಕಟ್ಟಿದರು. ಉಷ್ಣವಲಯದ ಸೂರ್ಯನ ಆಕ್ಟಿನಿಕ್ ಕಿರಣಗಳು ಕಪಾಲವನ್ನು ಭೇದಿಸಿ ಮೆದುಳನ್ನೂ, ಬೆನ್ನೆಲುಬಿನ ಮೂಲಕ ಬೆನ್ನುಹುರಿಯನ್ನೂ ಕೆಡಿಸುತ್ತವೆ. ಬಿಸಿಲುಬಡಿತಕ್ಕೆ ಶಾಖ ಕಾರಣವಲ್ಲ, ಈ ಕಿರಣಗಳೇ ಕಾರಣ ಎಂಬುದೇ ಆ ವಾದ. ಅಮೆರಿಕದ ಸೇನಾ ವೈದ್ಯ ಚಾರ್ಲ್ಸ್ ವುಡ್ರಫ್ 1905ರಲ್ಲಿ ಈ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನೇ ಬರೆದನು. ಕಪ್ಪು ಚರ್ಮದವರಿಗೆ ಪ್ರಕೃತಿಯು ಕವಚವನ್ನು ಕೊಟ್ಟಿದೆ, ಬಿಳಿಯರಿಗೆ ಕೊಟ್ಟಿಲ್ಲ. ಆದುದರಿಂದ ಬಿಳಿಯರು ಉಷ್ಣವಲಯದಲ್ಲಿ ಬಾಳಲಾರರು ಎಂಬುದು ಅವನ ತೀರ್ಮಾನ. ಲಂಡನ್ನಿನ ಉಷ್ಣವಲಯ ವೈದ್ಯಶಾಲೆಯ ಲೂಯಿ ಸ್ಯಾಂಬನ್ ಎಂಬಾತನು ಒಂದು ಮೈ ಕೆಂಪಾಗಿರುವ ‘ಸೊಲಾರೊ’ ಎಂಬ ಬಟ್ಟೆಯನ್ನು ಇದಕ್ಕಾಗಿಯೇ ಹೊರತಂದನು. ಸೈನಿಕರ ಬೆನ್ನಿಗೆ ಹತ್ತಿ ತುಂಬಿದ ‘ಬೆನ್ನುಹುರಿಯ ಪಟ್ಟಿ’ ಬಂದಿತು. ಟೋಪಿಗಳ ಒಳಕ್ಕೆ ಕೆಂಪು, ಕಿತ್ತಳೆ ಬಣ್ಣದ ಬಟ್ಟೆಗಳು ಬಂದುವು. ಕತ್ತಲೆಕೋಣೆಯ ಕೆಂಪು ಗಾಜು ಫಲಕವನ್ನು ಕಾಪಾಡುವಂತೆ ಟೋಪಿಯ ಕೆಂಪು ಬಟ್ಟೆಯು ಮೆದುಳನ್ನು ಕಾಪಾಡಬೇಕೆಂಬುದು ಉದ್ದೇಶ. ಅಂದು ನಮ್ಮ ವಿದ್ಯಾರ್ಥಿನಿಗೆ ನಾವು ಕೊಡಬೇಕಾಗಿದ್ದ ಉತ್ತರವಿದು.

ಈ ಸಿದ್ಧಾಂತವನ್ನು ಪರೀಕ್ಷಿಸಲಿಲ್ಲವೆ? ಪರೀಕ್ಷಿಸಿದರು, ಅದೂ ಬಹಳ ಬೇಗನೆ, ಬಹಳ ಚೆನ್ನಾಗಿ. ಅಮೆರಿಕದ ಸೇನೆಯ ಜೇಮ್ಸ್ ಫೇಲನ್ ಎಂಬ ವೈದ್ಯನು ಫಿಲಿಪೀನ್ಸಿನಲ್ಲಿ 500 ಮಂದಿ ಸೈನಿಕರಿಗೆ ಕಿತ್ತಳೆಗೆಂಪಿನ ಒಳ ಉಡುಪನ್ನೂ, ಅವರಿಗೆ ಹೋಲಿಕೆಯಾಗಿ ಇನ್ನು 500 ಮಂದಿಗೆ ಬಿಳಿಯ ಒಳ ಉಡುಪನ್ನೂ ತೊಡಿಸಿ, ಅವರ ಆರೋಗ್ಯವನ್ನು ಪರಿಶೀಲಿಸಿ, 1910ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಕೆಂಪು ಉಡುಪಿನಿಂದ ಯಾವ ಉಪಯೋಗವೂ ಕಾಣಲಿಲ್ಲ. ಅದು ಶಾಖದ ಹೊರೆಯನ್ನು ಮತ್ತಷ್ಟು ಹೆಚ್ಚಿಸಿತು, ಅಷ್ಟೆ. ಅದಕ್ಕೂ ಮೊದಲೇ, 1905ರಲ್ಲಿ, ಇಂಗ್ಲೆಂಡಿನ ಜೆ. ಎಸ್. ಹಾಲ್ಡೇನ್ ಕಾರ್ನ್‌ವಾಲಿನ ಗಣಿಗಳ ಬಿಸಿಯಲ್ಲಿ ಮಾನವದೇಹದ ಉಷ್ಣತೆಯನ್ನು ಅಳೆದಿದ್ದನು. ನಿಶ್ಚಲವಾದ ಗಾಳಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕವು ಸುಮಾರು 31 ಡಿಗ್ರಿ ಸೆಲ್ಸಿಯಸನ್ನು ದಾಟಿದರೆ ಸುಮ್ಮನೆ ಕುಳಿತವನ ಮೈಯೂ ಕಾಯತೊಡಗುವುದೆಂದು ಅವನು ಕಂಡುಕೊಂಡನು. ಒದ್ದೆಯ ಮಾಪಕವೇಕೆಂದರೆ, ಬೆವರು ಎಷ್ಟರ ಮಟ್ಟಿಗೆ ಆವಿಯಾಗಬಲ್ಲುದೆಂಬುದನ್ನು ಹೇಳುವುದು ಅದು. ಗಣಿಯೊಳಕ್ಕೆ ಸೂರ್ಯನ ಕಿರಣವೊಂದೂ ಇಳಿಯುವುದಿಲ್ಲವೆಂಬುದನ್ನು ಗಮನಿಸಬೇಕು. ಹಡಗುಗಳ ತಳದಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುವವರಿಗೂ ‘ಬಿಸಿಲುಬಡಿತ’ವಾಗುತ್ತಿತ್ತು, ಅವರ ತಲೆಯ ಮೇಲೆ ಇದ್ದುದು ಸೂರ್ಯನಲ್ಲ, ಉಕ್ಕಿನ ಛಾವಣಿ.

ಇಷ್ಟಾದರೂ ಕೆಂಪು ಬಟ್ಟೆ ಟೋಪಿಯಿಂದ ಹೋಗಲಿಲ್ಲ. ಫೇಲನ್ನನ ಲೇಖನ ಬಂದು 30 ವರ್ಷ ಕಳೆದಮೇಲೆ ತಯಾರಾದ ಜರ್ಮನ್ ಟೋಪಿಯಲ್ಲಿ ಅದು ಇರುವುದನ್ನು ಆಗಲೇ ಹೇಳಿದೆವು. ಇದಕ್ಕೆ ಕಾರಣವು ಭೌತಶಾಸ್ತ್ರದಲ್ಲಿಲ್ಲ. ಟೋಪಿಯು ಅಷ್ಟು ಹೊತ್ತಿಗೆ ತಲೆಯ ರಕ್ಷಣೆಗಿಂತ ಹೆಚ್ಚಾಗಿ ಜಾತಿಯ ಗುರುತಾಗಿತ್ತು: ಅದನ್ನು ಧರಿಸುವವನು ಆಳುವವನು, ಧರಿಸದವನು ಆಳಲ್ಪಡುವವನು. ಭಾರತಕ್ಕೆ ಬರುವ ಐರೋಪ್ಯನು ಸೂಯೆಜ್ ಕಾಲುವೆಯ ಬಾಯಲ್ಲಿರುವ ಪೋರ್ಟ್ ಸೈಯದ್ ಬಂದರಿನಲ್ಲಿ ಟೋಪಿಯನ್ನು ಕೊಳ್ಳುವುದು ಒಂದು ಸಂಸ್ಕಾರವೇ ಆಗಿದ್ದಿತು. ಬಿಳಿಯರ ಕೂಸುಗಳನ್ನು ಟೋಪಿಯಿಲ್ಲದೆ ಹಗಲಿನಲ್ಲಿ ಅಂಗಳಕ್ಕೂ ಬಿಡುತ್ತಿರಲಿಲ್ಲ. ನಮ್ಮವರಲ್ಲಿಯೂ ಅಧಿಕಾರದ ಹತ್ತಿರ ಬಂದವರು ಅನೇಕರು ರುಮಾಲನ್ನು ತೆಗೆದಿಟ್ಟು ಇದನ್ನು ತೊಟ್ಟರು. ರುಮಾಲಾದರೋ ಹತ್ತಾರು ಸುತ್ತು ಬಟ್ಟೆಯ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಕಾರ್ಕು ಮಾಡುವ ಕೆಲಸವನ್ನೇ ಮಾಡುತ್ತದೆ. ಒದ್ದೆ ಮಾಡಿಕೊಂಡರೆ ಆವಿಯಾಗಿ ತಂಪನ್ನೂ ಕೊಡುತ್ತದೆ. ಒಂದೇ ಸೇನೆಯಲ್ಲಿ, ಒಂದೇ ಬಿಸಿಲಿನಲ್ಲಿ ರುಮಾಲಿನವರೂ ಟೋಪಿಯವರೂ ಅಕ್ಕಪಕ್ಕದಲ್ಲಿ ಕಾದಾಡುತ್ತಿದ್ದರು. ರುಮಾಲಿನಲ್ಲಿ ಕೆಂಪು ಬಟ್ಟೆಯ ಒಳಪದರವಿಲ್ಲವೆಂಬುದು ಯಾರಿಗೂ ಪ್ರಶ್ನೆಯಾಗಿ ತೋರಲಿಲ್ಲ. ಕಡೆಗೆ 1942ರಿಂದ ಭಾರತಕ್ಕೂ ಬರ್ಮಾ ಗಡಿಗೂ ಬಂದಿಳಿದ ಅಮೆರಿಕದ ಸೈನಿಕರು ಸಾದಾ ಬಟ್ಟೆಯ ಟೋಪಿಯಲ್ಲಿ, ಎಷ್ಟೋ ವೇಳೆ ಬರಿತಲೆಯಲ್ಲಿ, ಬಿಸಿಲಿನಲ್ಲಿ ಓಡಾಡಿದರು. ಅವರ ಮೆದುಳುಗಳಿಗೆ ಏನೂ ಆಗಲಿಲ್ಲ. ಬರ್ಮಾದಲ್ಲಿ ಕಾದಿದ ಬ್ರಿಟಿಷರೂ ಮಡಿಸಿದ ಅಂಚಿನ ಬಟ್ಟೆಯ ಹ್ಯಾಟುಗಳಿಗೆ ತಿರುಗಿದರು. ಟೋಪಿಯ ಕಾಲ ಮುಗಿಯಿತು.

ಸಿದ್ಧಾಂತವು ಎಷ್ಟರಮಟ್ಟಿಗೆ ತಪ್ಪು ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ನೇರಳಾತೀತ ಕಿರಣಗಳು ಚರ್ಮದ ಪದರಗಳಲ್ಲಿಯೇ ಇಂಗಿಹೋಗುತ್ತವೆ, ಮೂಳೆಯವರೆಗೆ ತಲುಪುವುದಿಲ್ಲ. ಚರ್ಮವನ್ನು ಅವು ಸುಡುತ್ತವೆ, ಕಾಲಕ್ರಮದಲ್ಲಿ ಅರ್ಬುದವನ್ನೂ ತರಬಲ್ಲುವು, ಕಣ್ಣಿಗೂ ಕೇಡು. ಆದರೆ ಮೆದುಳು ಅವುಗಳ ಕೈಗೆ ಸಿಕ್ಕುವುದಿಲ್ಲ. ಇನ್ನು ಟೋಪಿಯ ಒಳಗಿನ ಬಟ್ಟೆಯ ಮಾತಂತೂ ಹೇಳಬೇಕಾದುದೇ ಇಲ್ಲ: ಒಂದು ಸೆಂಟಿಮೀಟರ್ ಕಾರ್ಕನ್ನು ದಾಟಲಾರದ ಬೆಳಕನ್ನು ಅದರ ಹಿಂದಿನ ತೆಳ್ಳನೆಯ ಬಟ್ಟೆ ತಡೆಯಬೇಕಾದ ಅಗತ್ಯವೇನು?

ಉಳಿದುದು ಶಾಖ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್‌ಗಳನ್ನು ಸುರಿಯುತ್ತದೆ. ತಲೆಯನ್ನು ಮೇಲಿನಿಂದ ನೋಡಿದರೆ 19 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ದೀರ್ಘವೃತ್ತವೆಂದು ಭಾವಿಸೋಣ. ಅದರ ಸಲೆ 0.022 ಚದರ ಮೀಟರ್. ಆದುದರಿಂದ ತಲೆಯ ಮೇಲೆ ಬೀಳುವುದು 22 ವಾಟ್. ಕೂದಲು ಚರ್ಮಗಳು ಇದರಲ್ಲಿ ಬಹುಭಾಗವನ್ನು ತಡೆದು ಗಾಳಿಗೆ ಹಿಂದಿರುಗಿಸುತ್ತವೆ. ಆದರೂ ವಾದಕ್ಕಾಗಿ ಎಲ್ಲವೂ ಮೆದುಳನ್ನೇ ಮುಟ್ಟುವುದೆಂದು ಒಪ್ಪಿಕೊಳ್ಳೋಣ. ಮೆದುಳಿನ ಮೂಲಕ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಹರಿಯುತ್ತದೆ. ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮಿಲಿಲೀಟರ್. ಈ ರಕ್ತವು ಒಂದು ಡಿಗ್ರಿ ಬಿಸಿಯಾಗುವಾಗ ಸೆಕೆಂಡಿಗೆ ಸುಮಾರು 47 ಜೂಲ್ ಶಾಖವನ್ನು ಹೊತ್ತೊಯ್ಯಬಲ್ಲುದು. 22 ವಾಟನ್ನು ಒಯ್ಯಲು ಅದು ಅರ್ಧ ಡಿಗ್ರಿ ಬಿಸಿಯಾದರೆ ಸಾಕು. ಎಲ್ಲ ಊಹೆಗಳನ್ನೂ ಎದುರಾಳಿಯ ಪರವಾಗಿ ಮಾಡಿಕೊಂಡರೂ ದೊರೆಯುವುದು ಅರ್ಧ ಡಿಗ್ರಿ! ಕಪಾಲದೊಳಗೆ ರಕ್ತವೆಂಬ ಹರಿಯುವ ನೀರಿನ ತಂಪುಯಂತ್ರವೊಂದು ಇದೆಯೆಂಬುದನ್ನು ಸಿದ್ಧಾಂತಿಗಳು ಮರೆತಿದ್ದರು.

ಆದರೆ ಅರ್ಧ ಡಿಗ್ರಿಯೆಂದರೆ ಸೊನ್ನೆಯಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ದೀಪಗಳ ಶಾಖವನ್ನು ಒಮ್ಮೆ ತಲೆಯ ಮೇಲೂ ಇನ್ನೊಮ್ಮೆ ದೇಹದ ಕೆಳಭಾಗದ ಮೇಲೂ ಬೀಳಿಸಿ, ಗಮನವೂ ಕೈಚಳಕವೂ ಬೇಕಾದ ಕೆಲಸಗಳನ್ನು ಮಾಡಿಸಿ ನೋಡಿದರು. ತಲೆಯು ಕಾದಾಗ ದೇಹದ ಒಳ ಉಷ್ಣತೆ ಸ್ವಲ್ಪವೇ ಏರಿದರೂ ಕೆಲಸದಲ್ಲಿ ತಪ್ಪುಗಳು ಹೆಚ್ಚಾದುವು. ತಲೆಯನ್ನು ನೆರಳಿನಲ್ಲಿಡುವುದು ಒಳ್ಳೆಯದೇ ಎಂದ ಹಾಗಾಯಿತು. ಹೊಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು ದುಡಿಯುವ ನಮ್ಮ ಒಕ್ಕಲಿಗನಿಗೆ ಇದು ಹೊಸ ಸಮಾಚಾರವೇನೂ ಅಲ್ಲ; ಅವನು ಬಣ್ಣವನ್ನು ಮಾತ್ರ ವಿಚಾರಿಸಲಿಲ್ಲ.

ಸಂಗ್ರಹದಲ್ಲಿ ಆಸಕ್ತಿ ಉಳ್ಳವರಿಗೆ ಕೆಲವು ಮಾತು. ಮಾರುಕಟ್ಟೆಯಲ್ಲಿ ಹಳೆಯದೆಂದು ಮಾರುವುದೆಲ್ಲ ಹಳೆಯದಲ್ಲ. ಒಮ್ಮೆ ನಾವೇ ಮೋಸಹೋದೆವು. ಮೊದಲ ಮಹಾಯುದ್ಧದ ಟೋಪಿಯೆಂದು ಕೊಂಡು ತಂದು, ರಾತ್ರಿ ದೀಪದ ಕೆಳಗೆ ಅಂಚನ್ನು ಬಿಡಿಸಿ ನೋಡಿದರೆ ಒಳಗಿದ್ದುದು ಬೆಂಡೂ ಅಲ್ಲ, ಕಾರ್ಕೂ ಅಲ್ಲ, ಒತ್ತಿ ಗಟ್ಟಿಮಾಡಿದ ಕಾಗದದ ತಿರುಳು! ವಿಯೆಟ್ನಾಮಿನ ಸೇನೆಯ ಟೋಪಿಗಳನ್ನು ಹೀಗೆ ಮಾಡುತ್ತಾರೆ. ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಅದಕ್ಕೂ ತನ್ನದೇ ಆದ ಇತಿಹಾಸವಿದೆಯೆಂದು ಸಮಾಧಾನ ಹೇಳಿಕೊಂಡು ಇಟ್ಟುಕೊಂಡಿದ್ದೇವೆ. ಕೊಟ್ಟ ಬೆಲೆಯನ್ನು ಮಾತ್ರ ಮನೆಯಲ್ಲಿ ಹೇಳಿಲ್ಲ.

ಬಟ್ಟೆಯ ವಯಸ್ಸನ್ನು ಕಂಡುಹಿಡಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ನೋಟುಗಳನ್ನು ಪರೀಕ್ಷಿಸುವ ಸಣ್ಣ ನೇರಳಾತೀತ ದೀಪವನ್ನು ಕತ್ತಲೆಯಲ್ಲಿ ಟೋಪಿಯ ಹೊಲಿಗೆಗಳ ಮೇಲೆ ಹಿಡಿಯಬೇಕು. ಇಂದಿನ ನೂಲು ಬಟ್ಟೆಗಳಿಗೆ ಬಿಳುಪು ಹೆಚ್ಚಲೆಂದು ಸೇರಿಸುವ ಪದಾರ್ಥಗಳು ನೇರಳಾತೀತವನ್ನು ಹೀರಿಕೊಂಡು ನೀಲಿಬಿಳುಪಾದ ಬೆಳಕನ್ನು ಸೂಸುತ್ತವೆ. ಇವು ವ್ಯಾಪಕವಾಗಿ ಬಳಕೆಗೆ ಬಂದುದು 1940ರ ದಶಕದಿಂದ ಈಚೆಗೆ. ಆದುದರಿಂದ 1900ರದೆಂದು ಹೇಳಿದ ಟೋಪಿಯ ನೂಲು ಫಳಫಳನೆ ಹೊಳೆದರೆ ಸಂಶಯಪಡಬೇಕು. ಆದರೆ ತೀರ್ಪನ್ನು ಆತುರದಿಂದ ಕೊಡಬಾರದು. ಹಿಂದಿನ ಒಡೆಯನು ಪಗಡಿಯ ಬಟ್ಟೆಯನ್ನು ಸಾಬೂನಿನ ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಮತ್ತೆ, ಹೊಳೆಯದ ಮಾತ್ರಕ್ಕೆ ಹಳೆಯದೆಂದೂ ಅಲ್ಲ. ಒಗೆಯಲಾಗದ ಒಳಹೊಲಿಗೆಗಳನ್ನು ನೋಡುವುದು ಮೇಲು.

ಟೋಪಿಯನ್ನು ಎಂದೂ ತೊಳೆಯಬಾರದು; ಅಂಟು ಕರಗಿ ಪದರಗಳು ಬಿಡುತ್ತವೆ. ಬಟ್ಟೆಗಳನ್ನು ಅಂಟಿಸಿದ ಗಂಜಿಯು ಜಿರಳೆಗೂ ಬೆಳ್ಳಿಹುಳಕ್ಕೂ ಮೃಷ್ಟಾನ್ನ; ಮೆತ್ತನೆಯ ಕುಂಚದಿಂದ ತಿಂಗಳಿಗೊಮ್ಮೆಯಾದರೂ ಧೂಳನ್ನು ತೆಗೆದು ನೋಡುತ್ತಿರಬೇಕು. ಅಂಚಿನ ಮೇಲೆ ಭಾರ ಬೀಳದಂತೆ ಒಳಗೆ ಮೆತ್ತನೆಯ ಆಧಾರವನ್ನು ಕೊಟ್ಟು ನಿಲ್ಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಬಿಸಿಲಿಗೆ ಇಡಬಾರದು. ಬಿಸಿಲಿನಿಂದ ಕಾಪಾಡಲೆಂದು ಹುಟ್ಟಿದ ವಸ್ತುವನ್ನು ಈಗ ಬಿಸಿಲಿನಿಂದ ನಾವು ಕಾಪಾಡಬೇಕಾಗಿದೆ: ಬಣ್ಣದ ಅಣುಗಳನ್ನು ಒಡೆದು ನೂಲನ್ನು ಪುಡಿಗೊಳಿಸುವುದು ಆ ಆಕ್ಟಿನಿಕ್ ಕಿರಣಗಳೇ. ವಸ್ತುಸಂಗ್ರಹಾಲಯಗಳಲ್ಲಿ ಇಂತಹ ಬಟ್ಟೆಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ಎಚ್ಚರಿಕೆ ವಹಿಸುತ್ತಾರೆ.

ನಮ್ಮ ಮೊದಲ ಟೋಪಿಯು ಅಂಗಡಿಯಲ್ಲಿ ಎಷ್ಟೋ ಕಾಲ ಅಂಗಾತ ಬಿದ್ದಿದ್ದಿರಬೇಕು. ಅದರೊಳಗಿನ ಕೆಂಪು ಬಟ್ಟೆಯು ಬಾಯಿಯ ಸುತ್ತ ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿದೆ. ಈಚೆಗೆ ಸಡಿಲವಾದ ಚರ್ಮದ ಪಟ್ಟಿಯನ್ನು ಮೆಲ್ಲಗೆ ಎತ್ತಿ ಅದರ ಹಿಂದೆ ದೀಪ ಹಿಡಿದು ನೋಡಿದೆವು. ಅಲ್ಲಿ, ಕಾರ್ಕಿಗೂ ಚರ್ಮಕ್ಕೂ ನಡುವೆ ಎರಡು ಬೆರಳಗಲದ ಜಾಗದಲ್ಲಿ, ಯಾವ ಕಿರಣವೂ ಎಂದೂ ಮುಟ್ಟದೆ, ಬಣ್ಣವು ದಾಸವಾಳದಷ್ಟು ಕೆಂಪಾಗಿ ಇತ್ತು.